ಟೋಲ್ಕೀನ್: ಒಬ್ಬ ಗುರುವಿನ ಆಸರೆಯಲ್ಲಿ ಬೆಳೆದ ಕಥೆಗಾರ

ಉಂಗುರವೊಂದನ್ನು ನಾಶಮಾಡಲು ಹೊರಟ ಪುಟ್ಟ ಜನರ ಕಥೆಯನ್ನು ನಮ್ಮ ಯುವಜನರಲ್ಲಿ ಅನೇಕರು ತೆರೆಯ ಮೇಲೆ ನೋಡಿದ್ದಾರೆ. 2001ರಿಂದ 2003ರ ವರೆಗೆ ವರ್ಷಕ್ಕೊಂದರಂತೆ ಬಿಡುಗಡೆಯಾದ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಚಲನಚಿತ್ರಗಳು ಒಟ್ಟು 17 ಆಸ್ಕರ್ ಪ್ರಶಸ್ತಿಗಳನ್ನು ಗಳಿಸಿದವು. ಈ ಚಿತ್ರಗಳಿಗೆ ಆಧಾರವಾದ ಕಾದಂಬರಿಯನ್ನು ಬರೆದವರು ಜಾನ್ ರೊನಾಲ್ಡ್ ರೂಎಲ್ ಟೋಲ್ಕೀನ್. ಅವರು ಶ್ರದ್ಧಾವಂತ ಕಥೊಲಿಕರಾಗಿದ್ದರು ಎಂಬುದನ್ನು ಕೆಲವರು ಬಲ್ಲರು. ತಂದೆತಾಯಿಯನ್ನು ಕಳೆದುಕೊಂಡಿದ್ದ ಅವರನ್ನು ಮತ್ತು ಅವರ ತಮ್ಮನನ್ನು ಒಬ್ಬ ಕಥೊಲಿಕ ಗುರು ಸಾಕಿ ಬೆಳೆಸಿದರು ಎಂಬುದನ್ನು ಬಲ್ಲವರು ಇನ್ನೂ ಕಡಿಮೆ. ಅವರ ಜೀವನದ ಈ ಮಗ್ಗುಲನ್ನೇ ಮುಖ್ಯವಾಗಿಟ್ಟುಕೊಂಡು ಈ ಲೇಖನವನ್ನು ಓದುಗರ ಮುಂದಿಡುತ್ತಿದ್ದೇವೆ.

ಟೋಲ್ಕೀನ್ ಜನಿಸಿದ್ದು 1892ರ ಜನವರಿ 3ರಂದು, ದಕ್ಷಿಣ ಆಫ್ರಿಕಾದ ಬ್ಲೂಮ್‌ಫಾಂಟೇನ್ ನಗರದಲ್ಲಿ. ತಂದೆ ಆರ್ಥರ್ ಅಲ್ಲಿ ಬ್ಯಾಂಕ್ ಮ್ಯಾನೇಜರ್ ಆಗಿದ್ದರು. ಆ ಹವೆ ಮಗುವಿಗೆ ಒಗ್ಗಲಿಲ್ಲ. 1895ರಲ್ಲಿ ತಾಯಿ ಮೇಬಲ್ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಬಂದರು. ಆರ್ಥರ್ ನಂತರ ಬಂದು ಸೇರಿಕೊಳ್ಳಬೇಕಾಗಿತ್ತು. ಆದರೆ 1896ರ ಫೆಬ್ರವರಿಯಲ್ಲಿ ಅವರು ಜ್ವರದಿಂದ ಅಲ್ಲಿಯೇ ತೀರಿಕೊಂಡ ಸುದ್ದಿ ಬಂತು. ನಾಲ್ಕು ವರ್ಷದ ರೊನಾಲ್ಡ್, ಎರಡು ವರ್ಷದ ಹಿಲರಿ, ಅಲ್ಪ ಆದಾಯ - ಇಷ್ಟನ್ನಿಟ್ಟುಕೊಂಡು ಮೇಬಲ್ ಬರ್ಮಿಂಗ್‌ಹ್ಯಾಮ್ ಬಳಿಯ ಸೇರ್‌ಹೋಲ್ ಎಂಬ ಹಳ್ಳಿಯಲ್ಲಿ ಸಂಸಾರ ಹೂಡಿದರು. ಅಲ್ಲಿ ಒಂದು ಹಳೆಯ ಹಿಟ್ಟಿನ ಗಿರಣಿ, ಹೊಳೆ, ಹೊಲ, ಮರಗಳಿದ್ದವು. ಟೋಲ್ಕೀನ್ ಕಥೆಗಳಲ್ಲಿ ಹಾಬಿಟ್‌ಗಳ ಊರು ಎಂದು ಬರುವುದು ಬಹುಮಟ್ಟಿಗೆ ಈ ಹಳ್ಳಿಯೇ. ಮಕ್ಕಳಿಗೆ ಮನೆಯಲ್ಲಿಯೇ ಲ್ಯಾಟಿನ್, ಫ್ರೆಂಚ್, ಜರ್ಮನ್ ಕಲಿಸಿದವರೂ ತಾಯಿಯೇ.

1900ರಲ್ಲಿ ಮೇಬಲ್ ಕಥೊಲಿಕ ಧರ್ಮಸಭೆಯನ್ನು ಸೇರಿದರು. ಅಂದಿನ ಇಂಗ್ಲೆಂಡಿನಲ್ಲಿ ಇದು ಸಣ್ಣ ಸಂಗತಿಯಾಗಿರಲಿಲ್ಲ. ತವರಿನವರು ಕೋಪಗೊಂಡರು. ಬ್ಯಾಪ್ಟಿಸ್ಟರಾಗಿದ್ದ ಗಂಡನ ಕಡೆಯವರೂ ವಿರೋಧಿಸಿದರು. ಆ ತನಕ ಸಹಾಯ ಮಾಡುತ್ತಿದ್ದ ಭಾವ ಹಣ ಕೊಡುವುದನ್ನು ನಿಲ್ಲಿಸಿದರು. ಮೇಬಲ್ ಹಿಂದೆ ಸರಿಯಲಿಲ್ಲ. ಸಂತ ಜಾನ್ ಹೆನ್ರಿ ನ್ಯೂಮನ್ ಸ್ಥಾಪಿಸಿದ್ದ ಬರ್ಮಿಂಗ್‌ಹ್ಯಾಮ್ ಒರೆಟರಿಯ ಪಕ್ಕದಲ್ಲಿ ಒಂದು ಸಾಧಾರಣ ಬಾಡಿಗೆ ಮನೆ ಹಿಡಿದರು. ನ್ಯೂಮನ್ 1890ರಲ್ಲಿಯೇ ದೈವಾಧೀನರಾಗಿದ್ದರು, ಆದರೆ ಅವರ ಜೊತೆ ಬಾಳಿದ ಗುರುಗಳು ಇನ್ನೂ ಅಲ್ಲಿದ್ದರು. ಅವರಲ್ಲೊಬ್ಬರು ವಂ. ಫ್ರಾನ್ಸಿಸ್ ಕ್ಸೇವಿಯರ್ ಮಾರ್ಗನ್. ಸ್ಪೇನ್ ಮತ್ತು ವೇಲ್ಸ್ ಎರಡರ ರಕ್ತವೂ ಇದ್ದ, ಗಟ್ಟಿ ಧ್ವನಿಯ, ನಗುಮುಖದ ಗುರು. ವಿದ್ವತ್ತಿನಲ್ಲಿ ಅಷ್ಟೇನೂ ಹೆಸರು ಮಾಡಿದವರಲ್ಲ. ಧರ್ಮಕೇಂದ್ರದ ಮನೆಗಳಿಗೆ ಭೇಟಿ ಕೊಡುತ್ತಾ ಈ ವಿಧವೆಯ ಮನೆಗೂ ಬಂದರು, ಬೇಗನೆ ಮನೆಯವರಂತೆಯೇ ಆದರು.

1904ರಲ್ಲಿ ಮೇಬಲ್‌ಗೆ ಮಧುಮೇಹವಿರುವುದು ಪತ್ತೆಯಾಯಿತು. ಇನ್ಸುಲಿನ್ ಚಿಕಿತ್ಸೆ ಆರಂಭವಾದದ್ದು 1922ರಲ್ಲಿ. ಅದಕ್ಕೆ ಮುನ್ನ ಈ ಕಾಯಿಲೆಗೆ ಮದ್ದಿರಲಿಲ್ಲ. ಫಾದರ್ ಫ್ರಾನ್ಸಿಸ್ ಅವರು ರೆಡ್ನಲ್ ಎಂಬಲ್ಲಿ ಒರೆಟರಿಗೆ ಸೇರಿದ ಜಾಗದ ಒಂದು ಮನೆಯಲ್ಲಿ ತಾಯಿ ಮಕ್ಕಳಿಗೆ ವಸತಿ ಏರ್ಪಡಿಸಿದರು. ಆ ಬೇಸಿಗೆ ಮೂವರಿಗೂ ಸುಖದಲ್ಲಿ ಕಳೆಯಿತು. ನವೆಂಬರ್ 14ರಂದು ಮೇಬಲ್ ಪ್ರಾಣಬಿಟ್ಟರು. ಅವರಿಗೆ ಆಗ 34 ವರ್ಷ, ರೊನಾಲ್ಡ್‌ಗೆ 12. ತನ್ನ ತಾಯಿ ವಿಶ್ವಾಸಕ್ಕಾಗಿ ದುಡಿದು ದಣಿದು ಸತ್ತ ರಕ್ತಸಾಕ್ಷಿ ಎಂದು ಟೋಲ್ಕೀನ್ ಕೊನೆಯ ತನಕ ನಂಬಿದ್ದರು.

ಬಂಧುಗಳು ಮಕ್ಕಳನ್ನು ಹಿಂದಿನ ಧರ್ಮಕ್ಕೆ ಸೆಳೆದಾರು ಎಂಬ ಭಯದಿಂದ ಮೇಬಲ್ ತನ್ನ ಉಯಿಲಿನಲ್ಲಿ ಫಾದರ್ ಫ್ರಾನ್ಸಿಸ್ ಅವರನ್ನೇ ಮಕ್ಕಳ ಪಾಲಕರನ್ನಾಗಿ ನೇಮಿಸಿದ್ದರು. ಇಂದಿನ ಗುರುವೊಬ್ಬರಿಗೆ ಇಂಥ ಹೊಣೆ ಬಂದರೆ ಏನಾದೀತು ಎಂದು ನಾವು ಯೋಚಿಸುವುದುಂಟು. ಫಾದರ್ ಫ್ರಾನ್ಸಿಸ್ ಯೋಚಿಸುತ್ತಾ ಕೂರಲಿಲ್ಲ. ಮೇಬಲ್ ಬಿಟ್ಟುಹೋದ ಹಣ ಸಾಲದು ಎಂದು ಕಂಡಾಗ ತನ್ನ ಮನೆತನದ ದ್ರಾಕ್ಷಾರಸ ವ್ಯಾಪಾರದಿಂದ ಬರುತ್ತಿದ್ದ ಪಾಲನ್ನು ಸದ್ದಿಲ್ಲದೆ ಅದಕ್ಕೆ ಸೇರಿಸಿದರು. ಮಕ್ಕಳನ್ನು ಅತ್ತೆಯೊಬ್ಬರ ಮನೆಯಲ್ಲಿ, ನಂತರ ಬಾಡಿಗೆ ಕೋಣೆಯಲ್ಲಿ ಇರಿಸಿದರು. ಬೇಸಿಗೆ ರಜೆಯಲ್ಲಿ ಸಮುದ್ರ ತೀರದ ಲೈಮ್ ರೀಜಿಸ್‌ಗೆ ಕರೆದೊಯ್ದರು. ಪ್ರತಿದಿನ ಮುಂಜಾನೆ ಅಣ್ಣತಮ್ಮಂದಿರು ಒರೆಟರಿಗೆ ಓಡಿ ಬಂದು ಫಾದರ್ ಅವರ ಬಲಿಪೂಜೆಯಲ್ಲಿ ಪೀಠಸೇವೆ ಮಾಡಿ, ಅಲ್ಲಿಯೇ ಉಪಾಹಾರ ತಿಂದು, ಕಿಂಗ್ ಎಡ್ವರ್ಡ್ಸ್ ಶಾಲೆಗೆ ಹೋಗುತ್ತಿದ್ದರು.

1908ರಲ್ಲಿ ಆ ಬಾಡಿಗೆ ಮನೆಯಲ್ಲಿಯೇ ಒಂದು ಹೊಸ ಸಮಸ್ಯೆ ಹುಟ್ಟಿತು. ಕೆಳಗಿನ ಮಹಡಿಯಲ್ಲಿ ಎಡಿತ್ ಬ್ರಾಟ್ ಎಂಬ 19 ವರ್ಷದ ಅನಾಥ ಹುಡುಗಿಯಿದ್ದಳು. ಚೆನ್ನಾಗಿ ಪಿಯಾನೋ ನುಡಿಸುವವಳು. ರೊನಾಲ್ಡ್‌ಗೆ 16. ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿದರು. 1909ರ ಕೊನೆಗೆ ವಿಷಯ ಫಾದರ್ ಫ್ರಾನ್ಸಿಸ್ ಅವರ ಕಿವಿಗೆ ಬಿತ್ತು. ಹುಡುಗಿ ವಯಸ್ಸಿನಲ್ಲಿ ಮೂರು ವರ್ಷ ಹಿರಿಯಳು, ಕಥೊಲಿಕಳಲ್ಲ. ಹುಡುಗನಾದರೋ ಆಕ್ಸ್‌ಫರ್ಡ್ ವಿದ್ಯಾರ್ಥಿವೇತನದ ಪರೀಕ್ಷೆಗೆ ಓದಬೇಕಾದವನು, ಮತ್ತು ಆ ವರ್ಷ ಅವನು ಪರೀಕ್ಷೆಯಲ್ಲಿ ಸೋತೂ ಬಂದ. ಫಾದರ್ ಭೇಟಿಯನ್ನು ನಿಷೇಧಿಸಿದರು. ಆಮೇಲೂ ಇಬ್ಬರು ಸೇರಿ ಹುಟ್ಟುಹಬ್ಬದ ಉಡುಗೊರೆ ಕೊಳ್ಳಲು ಹೋದದ್ದು ತಿಳಿದಾಗ ಆಜ್ಞೆ ಇನ್ನೂ ಬಿಗಿಯಾಯಿತು. 21 ವರ್ಷ ತುಂಬುವ ತನಕ ಭೇಟಿ ಇಲ್ಲ, ಪತ್ರವೂ ಇಲ್ಲ. ಎಡಿತ್ ಚೆಲ್ಟನ್‌ಹ್ಯಾಮ್‌ಗೆ ಹೊರಟುಹೋದಳು.

ಈ ಆಜ್ಞೆಯ ಬಗ್ಗೆ ಟೋಲ್ಕೀನ್ ಅಭಿಮಾನಿಗಳಲ್ಲಿ ಫಾದರ್ ಫ್ರಾನ್ಸಿಸ್ ಅವರನ್ನು ಕಠೋರರೆಂದು ದೂರುವವರಿದ್ದಾರೆ. ನಮಗೂ ಅದು ಪೂರ್ತಿ ಸರಿಯೆಂದು ಅನಿಸುವುದಿಲ್ಲ. ಮೂರು ವರ್ಷ ಒಂದು ಪತ್ರವನ್ನೂ ಬರೆಯಬಾರದೆಂಬುದು ಯಾವ ಯುವಕನಿಗೂ ಭಾರವೇ. ಆದರೆ ಸತ್ತ ತಾಯಿಗೆ ಕೊಟ್ಟ ಮಾತು, ಹಣವಿಲ್ಲದ ಬಾಲಕನ ಮುಂದಿದ್ದ ಒಂದೇ ಒಂದು ದಾರಿ, ಇವೆರಡನ್ನೂ ಕಣ್ಣಮುಂದಿಟ್ಟುಕೊಂಡ ಪಾಲಕನ ಸ್ಥಾನದಲ್ಲಿ ನಿಂತು ನೋಡಿದರೆ ತೀರ್ಪು ಕೊಡುವುದು ಅಷ್ಟು ಸುಲಭವಲ್ಲ. ಟೋಲ್ಕೀನ್ ನೊಂದರು, ಸಿಟ್ಟಾದರು, ಆದರೆ ಪಾಲಿಸಿದರು. ತನಗೆ ತಂದೆಗಿಂತಲೂ ಹೆಚ್ಚಾದವರ ಮಾತನ್ನು ಮೀರಲಾಗದು ಎಂಬುದೇ ಅವರ ಕಾರಣವಾಗಿತ್ತು. ಮುಂದಿನ ವರ್ಷ ಪರೀಕ್ಷೆಯಲ್ಲಿ ಗೆದ್ದು, 1911ರಲ್ಲಿ ಆಕ್ಸ್‌ಫರ್ಡಿನ ಎಕ್ಸೆಟರ್ ಕಾಲೇಜಿಗೆ ಸೇರಿದರು. 1913ರ ಜನವರಿ 3, ಅವರಿಗೆ 21 ತುಂಬಿದ ದಿನ. ಗಡಿಯಾರ ಮಧ್ಯರಾತ್ರಿ ತೋರಿಸುತ್ತಿದ್ದಂತೆಯೇ ಎದ್ದು ಕುಳಿತು ಎಡಿತ್‌ಗೆ ಪತ್ರ ಬರೆದರು. ಆಕೆಗೆ ಬೇರೊಬ್ಬನೊಡನೆ ನಿಶ್ಚಿತಾರ್ಥವಾಗಿದೆ ಎಂಬ ಉತ್ತರ ಬಂತು! ಐದು ದಿನಗಳ ನಂತರ ಟೋಲ್ಕೀನ್ ರೈಲು ಹತ್ತಿ ಚೆಲ್ಟನ್‌ಹ್ಯಾಮ್‌ಗೆ ಹೋದರು. ಅಂದು ಸಂಜೆಯೊಳಗೆ ಎಡಿತ್ ಆ ನಿಶ್ಚಿತಾರ್ಥವನ್ನು ಮುರಿಯಲು ಒಪ್ಪಿದ್ದರು.

ಎಡಿತ್ 1914ರಲ್ಲಿ ಕಥೊಲಿಕರಾದರು. ಮೇಬಲ್‌ಗೆ ಆದದ್ದೇ ಇಲ್ಲಿಯೂ ಆಯಿತು. ಅವರಿಗೆ ಆಶ್ರಯ ಕೊಟ್ಟಿದ್ದ ಮನೆಯವರು ವಿಷಯ ತಿಳಿದೊಡನೆ ಮನೆ ಬಿಡುವಂತೆ ಹೇಳಿದರು. ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಎಡಿತ್‌ಗೆ ಆಂಗ್ಲಿಕನ್ ಚರ್ಚಿನಲ್ಲಿ ಗೆಳೆಯರಿದ್ದರು, ಮಾಡಲು ಕೆಲಸವಿತ್ತು, ಗೌರವವಿತ್ತು. ಟೋಲ್ಕೀನ್ ಅವಸರಪಡಿಸಿದರು. ತಾಯಿ ಸಹಿಸಿದ್ದನ್ನು ಇವರೂ ಸಹಿಸಲಿ ಎಂಬ ಭಾವ ಅದರಲ್ಲಿತ್ತು. ಇದರ ಬೆಲೆಯನ್ನು ದಂಪತಿಗಳು ಮುಂದೆ ತೆತ್ತರು. ಪಾಪನಿವೇದನೆಯ ಬಗ್ಗೆ, ಮಕ್ಕಳನ್ನು ಪೂಜೆಗೆ ಕರೆದೊಯ್ಯುವ ಬಗ್ಗೆ ಎಡಿತ್ ಅವರಲ್ಲಿ ಅಸಮಾಧಾನ ಅನೇಕ ವರ್ಷ ಹೊಗೆಯಾಡಿತು. ಕಾಲ ಕಳೆದ ಮೇಲೆಯೇ ಅದು ತಿಳಿಯಾಯಿತು. ವಿವಾಹ ಸಿದ್ಧತಾ ಶಿಬಿರಗಳನ್ನು ನಡೆಸುವವರು ಈ ಅಧ್ಯಾಯವನ್ನು ಓದಬೇಕು.

1916ರ ಮಾರ್ಚ್ 22ರಂದು ವಾರ್ವಿಕ್‌ನ ಕಥೊಲಿಕ ಚರ್ಚಿನಲ್ಲಿ ಮದುವೆಯಾಯಿತು. ಜೂನ್ ತಿಂಗಳಲ್ಲಿ ಟೋಲ್ಕೀನ್ ಫ್ರಾನ್ಸಿನ ಯುದ್ಧರಂಗಕ್ಕೆ ಹೊರಟರು. ಸೋಮ್ ಕದನದಲ್ಲಿ ಅವರದು ಸಂದೇಶ ರವಾನೆಯ ಅಧಿಕಾರಿಯ ಕೆಲಸ. ಕಂದಕಗಳಲ್ಲಿ ಹೇನುಗಳಿಂದ ಹರಡುವ ಜ್ವರ ತಗುಲಿ ನವೆಂಬರಿನಲ್ಲಿ ಊರಿಗೆ ಮರಳಿದರು. ಪ್ರಾಣ ಉಳಿಸಿದ್ದು ಆ ಜ್ವರವೇ ಎನ್ನಬಹುದು. ಶಾಲೆಯ ದಿನಗಳಿಂದ ಒಂದೇ ಜೀವದಂತಿದ್ದ ನಾಲ್ವರು ಗೆಳೆಯರಲ್ಲಿ ರಾಬ್ ಗಿಲ್ಸನ್ ಕದನದ ಮೊದಲ ದಿನವೇ, ಜುಲೈ 1ರಂದು ಸತ್ತಿದ್ದರು. ಜೆಫ್ರಿ ಸ್ಮಿತ್ ಡಿಸೆಂಬರಿನಲ್ಲಿ ತೀರಿಕೊಂಡರು. ಉಳಿದವರು ಟೋಲ್ಕೀನ್ ಮತ್ತು ಕ್ರಿಸ್ಟೋಫರ್ ವೈಸ್‌ಮನ್ ಇಬ್ಬರೇ. ಆಸ್ಪತ್ರೆಯ ಹಾಸಿಗೆಯಲ್ಲಿ, ಚೇತರಿಕೆಯ ರಜೆಯಲ್ಲಿ ಅವರು ಬರೆಯತೊಡಗಿದ ಪುರಾಣಕಥೆಗಳೇ ಮುಂದೆ 'ಸಿಲ್ಮರಿಲಿಯನ್' ಆದವು. 1917ರಲ್ಲಿ ಯಾರ್ಕ್‌ಶೈರಿನ ಒಂದು ಕಾಡಿನಲ್ಲಿ ಬಿಳಿಹೂಗಳ ನಡುವೆ ಎಡಿತ್ ಅವರಿಗಾಗಿ ನರ್ತಿಸಿದ್ದರು. ಅದರಿಂದ ಹುಟ್ಟಿದ್ದು ಬೆರೆನ್ ಎಂಬ ಮನುಷ್ಯ, ಲೂಥಿಯೆನ್ ಎಂಬ ಅಮರಕನ್ಯೆ ಇವರ ಪ್ರೇಮಕಥೆ. ಅದೇ ವರ್ಷ ಹುಟ್ಟಿದ ಹಿರಿಯ ಮಗನಿಗೆ ಜಾನ್ ಫ್ರಾನ್ಸಿಸ್ ಎಂದು ಹೆಸರಿಟ್ಟರು. ಎರಡನೆಯ ಹೆಸರು ಯಾರದೆಂದು ಹೇಳಬೇಕಾಗಿಲ್ಲ. ಈ ಮಗ 1946ರಲ್ಲಿ ಗುರುದೀಕ್ಷೆ ಪಡೆದರು.

ಯುದ್ಧದ ನಂತರದ ವೃತ್ತಿಜೀವನವನ್ನು ಸಂಕ್ಷಿಪ್ತವಾಗಿ ಹೇಳಿಬಿಡಬಹುದು. ಆಕ್ಸ್‌ಫರ್ಡ್ ನಿಘಂಟಿನ ಕಚೇರಿಯಲ್ಲಿ ಕೆಲಸ, 1920ರಿಂದ ಲೀಡ್ಸ್ ವಿಶ್ವವಿದ್ಯಾಲಯ, 1925ರಿಂದ 1959ರಲ್ಲಿ ನಿವೃತ್ತಿಯಾಗುವ ತನಕ ಆಕ್ಸ್‌ಫರ್ಡ್‌ನಲ್ಲಿ ಪ್ರಾಧ್ಯಾಪಕ ಹುದ್ದೆ. ಹಳೆಯ ಇಂಗ್ಲಿಷ್ ಅವರ ವಿಷಯ. 'ಬೇಯೋವುಲ್ಫ್' ಕಾವ್ಯದ ಬಗ್ಗೆ 1936ರಲ್ಲಿ ಅವರು ಕೊಟ್ಟ ಉಪನ್ಯಾಸ ಆ ಕ್ಷೇತ್ರದ ದಾರಿಯನ್ನೇ ಬದಲಿಸಿತು ಎನ್ನುತ್ತಾರೆ ಬಲ್ಲವರು. ಫಿನ್ನಿಶ್, ವೆಲ್ಶ್ ಭಾಷೆಗಳ ಸದ್ದಿಗೆ ಮನಸೋತು ತಾವೇ ಹೊಸ ಭಾಷೆಗಳನ್ನು ವ್ಯಾಕರಣ ಸಹಿತ ಕಟ್ಟಿದರು. ಭಾಷೆ ಇದ್ದರೆ ಅದನ್ನಾಡುವ ಜನ ಬೇಕು, ಜನರಿಗೆ ಚರಿತ್ರೆ ಬೇಕು. ಅವರ ಕಥೆಗಳು ಬೆಳೆದದ್ದು ಹೀಗೆ.

ಈ ವರ್ಷಗಳಲ್ಲಿ ಅವರ ವಿಶ್ವಾಸ ಸದಾ ಬೆಳಗುತ್ತಿತ್ತೆಂದು ತಿಳಿಯಬಾರದು. ಲೀಡ್ಸ್‌ನಲ್ಲಿ ಮತ್ತು ಆಕ್ಸ್‌ಫರ್ಡಿಗೆ ಬಂದ ಆರಂಭದಲ್ಲಿ ತಾನು ಧರ್ಮಾಚರಣೆಯನ್ನು ಹೆಚ್ಚು ಕಡಿಮೆ ಬಿಟ್ಟೇಬಿಟ್ಟಿದ್ದೆ ಎಂದು 1963ರಲ್ಲಿ ಮಗ ಮೈಕಲ್‌ಗೆ ಬರೆದ ಪತ್ರದಲ್ಲಿ ಅವರೇ ತಿಳಿಸಿದ್ದಾರೆ. ಮರಳಿ ಎಳೆದು ತಂದದ್ದು ಪರಮಪ್ರಸಾದದ ಸೆಳೆತ. ಆಮೇಲೆ ಮಕ್ಕಳನ್ನು ಕರೆದುಕೊಂಡು ಮುಂಜಾನೆಯ ಪೂಜೆಗೆ ಸೈಕಲ್ಲಿನಲ್ಲಿ ಹೋಗುವುದು ಅವರ ರೂಢಿಯಾಯಿತು. ಅದೇ ಪತ್ರದಲ್ಲಿ ಮಗನಿಗೆ ಒಂದು ವಿಚಿತ್ರ ಸಲಹೆಯೂ ಇದೆ. ವಿಶ್ವಾಸ ಬತ್ತಿದಂತೆ ಅನಿಸಿದಾಗ ಪೂಜೆಯನ್ನು ಗಡಿಬಿಡಿಯಲ್ಲಿ ಮುಗಿಸುವ ಗುರು, ಶಿಸ್ತಿಲ್ಲದ ಮಕ್ಕಳು, ಗದ್ದಲದ ಜನ ಇರುವ ಚರ್ಚನ್ನೇ ಹುಡುಕಿ ಹೋಗಿ ಅವರೊಡನೆ ಪರಮಪ್ರಸಾದ ಸ್ವೀಕರಿಸು ಎಂದು ಅದರ ತಾತ್ಪರ್ಯ. ಓದುವಾಗ ಗುರುಗಳಾದ ನಮಗೆ ತುಸು ಇರಿಸುಮುರುಸಾಗುವುದು ಸಹಜ.

ಅವರ ಗೆಳೆತನಗಳಲ್ಲಿ ಸಿ. ಎಸ್. ಲೂಯಿಸ್ ಅವರದ್ದು ದೊಡ್ಡದು. 1926ರಲ್ಲಿ ಪರಿಚಯವಾದಾಗ ಲೂಯಿಸ್ ಕ್ರೈಸ್ತ ವಿಶ್ವಾಸದಿಂದ ದೂರವಿದ್ದರು. 1931ರ ಸೆಪ್ಟೆಂಬರ್ 19ರ ರಾತ್ರಿ ಟೋಲ್ಕೀನ್, ಹ್ಯೂಗೋ ಡೈಸನ್ ಮತ್ತು ಲೂಯಿಸ್ ಕಾಲೇಜಿನ ಹೊಳೆಬದಿಯ ಕಾಲುದಾರಿಯಲ್ಲಿ ನಡೆಯುತ್ತಾ ಬಹಳ ಹೊತ್ತು ಮಾತನಾಡಿದರು. ಪುರಾಣಕಥೆಗಳು ಸುಳ್ಳಲ್ಲ, ಅವುಗಳಲ್ಲಿ ಸತ್ಯದ ತುಣುಕುಗಳಿವೆ, ಕ್ರಿಸ್ತರ ಕಥೆಯಾದರೋ ನಿಜವಾಗಿ ನಡೆದ ಪುರಾಣ ಎಂಬುದು ಟೋಲ್ಕೀನ್ ವಾದ. ಕೆಲವೇ ದಿನಗಳಲ್ಲಿ, ಅಣ್ಣನ ಮೋಟಾರ್ ಸೈಕಲ್ಲಿನ ಪಕ್ಕದ ತೊಟ್ಟಿಲಲ್ಲಿ ಕುಳಿತು ಪ್ರಾಣಿ ಸಂಗ್ರಹಾಲಯಕ್ಕೆ ಹೋಗುವ ದಾರಿಯಲ್ಲಿ, ಲೂಯಿಸ್ ಕ್ರಿಸ್ತರು ದೇವಪುತ್ರರೆಂದು ಒಪ್ಪಿದರು. ಆದರೆ ಅವರು ಸೇರಿದ್ದು ಆಂಗ್ಲಿಕನ್ ಸಭೆಯನ್ನು. ಟೋಲ್ಕೀನ್‌ಗೆ ಇದು ಕೊನೆಯವರೆಗೂ ಕೊರಗಾಗಿ ಉಳಿಯಿತು.

'ದಿ ಹಾಬಿಟ್' ಹುಟ್ಟಿದ ಬಗೆ ಪ್ರಸಿದ್ಧವೇ. ನಾಲ್ಕು ಮಕ್ಕಳ ಸಂಸಾರ ತೂಗಿಸಲು ಅವರು ಬೇಸಿಗೆಯಲ್ಲಿ ಶಾಲಾ ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ತಿದ್ದುತ್ತಿದ್ದರು. ಒಬ್ಬ ವಿದ್ಯಾರ್ಥಿ ಖಾಲಿ ಬಿಟ್ಟಿದ್ದ ಹಾಳೆಯ ಮೇಲೆ, ಯಾಕೆಂದು ತಮಗೇ ತಿಳಿಯದೆ, ಹಾಬಿಟ್ ಎಂಬ ಹೊಸ ಪದವಿದ್ದ ಒಂದು ವಾಕ್ಯ ಬರೆದರು. ಮಕ್ಕಳಿಗೆ ಹೇಳಿದ ಆ ಕಥೆ ಪ್ರಕಾಶಕ ಸ್ಟ್ಯಾನ್ಲಿ ಅನ್ವಿನ್ ಅವರ ಕೈಸೇರಿದಾಗ, ಅವರು ತಮ್ಮ ಹತ್ತು ವರ್ಷದ ಮಗ ರೇನರ್‌ಗೆ ಒಂದು ಶಿಲಿಂಗ್ ಕೊಟ್ಟು ಓದಿಸಿದರು. ಹುಡುಗ ಮೆಚ್ಚಿದ. 1937ರ ಸೆಪ್ಟೆಂಬರಿನಲ್ಲಿ ಪುಸ್ತಕ ಹೊರಬಂತು.

ಮುಂದಿನ ಭಾಗ ಬೇಕೆಂದು ಪ್ರಕಾಶಕರು ಕೇಳಿದರು. ಅದನ್ನು ಮುಗಿಸಲು 12 ವರ್ಷ ಹಿಡಿಯಿತು. ಪಾಠ, ಪರೀಕ್ಷೆ, ಕಾಯಿಲೆ, ಎರಡನೇ ಮಹಾಯುದ್ಧ, ಕಾಗದದ ಅಭಾವ ಒಂದು ಕಡೆ. ಬರೆದದ್ದನ್ನು ತಿದ್ದಿ ತಿದ್ದಿ ಮತ್ತೆ ಬರೆಯುವ ಸ್ವಭಾವ ಇನ್ನೊಂದು ಕಡೆ. 1944ರಲ್ಲಿ ವಾಯುಪಡೆಯ ತರಬೇತಿಗಾಗಿ ದಕ್ಷಿಣ ಆಫ್ರಿಕಾದಲ್ಲಿದ್ದ ಮಗ ಕ್ರಿಸ್ಟೋಫರ್‌ಗೆ ಅಧ್ಯಾಯಗಳನ್ನು ಅಂಚೆಯಲ್ಲಿ ಕಳುಹಿಸುತ್ತಿದ್ದರು. 1949ರಲ್ಲಿ ಬರವಣಿಗೆ ಮುಗಿದರೂ ಅಚ್ಚಾದದ್ದು 1954 ಮತ್ತು 1955ರಲ್ಲಿ, ಮೂರು ಸಂಪುಟಗಳಾಗಿ. ಆ ಹೊತ್ತಿಗೆ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದ್ದ ಅದೇ ರೇನರ್, ಸಾವಿರ ಪೌಂಡ್ ನಷ್ಟವಾದೀತೆಂಬ ಲೆಕ್ಕ ಹಾಕಿಯೂ ಧೈರ್ಯ ಮಾಡಿದರು. ಖರ್ಚು ಹುಟ್ಟುವ ತನಕ ಲೇಖಕರಿಗೆ ಏನೂ ಇಲ್ಲ, ಆಮೇಲೆ ಲಾಭದಲ್ಲಿ ಅರ್ಧ ಎಂಬುದು ಒಪ್ಪಂದ. ಆ ಒಪ್ಪಂದ ಟೋಲ್ಕೀನ್ ಅವರನ್ನು ಶ್ರೀಮಂತರನ್ನಾಗಿ ಮಾಡಿತು.

ಈ ಬೃಹತ್ ಕಾದಂಬರಿಯಲ್ಲಿ ಚರ್ಚಿಲ್ಲ, ಗುರುಗಳಿಲ್ಲ, ಪ್ರಾರ್ಥನಾ ವಿಧಿಗಳೂ ಇಲ್ಲವೆನ್ನುವಷ್ಟು ಕಡಿಮೆ. ಆದರೂ ಇದು ಮೂಲತಃ ಧಾರ್ಮಿಕವಾದ, ಕಥೊಲಿಕವಾದ ಕೃತಿಯೆಂದು ಕುಟುಂಬದ ಗೆಳೆಯರಾಗಿದ್ದ ಯೇಸುಸಭೆಯ ರಾಬರ್ಟ್ ಮರ್ರೆ ಅವರಿಗೆ 1953ರಲ್ಲಿ ಟೋಲ್ಕೀನ್ ಬರೆದಿದ್ದರು. ಧರ್ಮ ಕಥೆಯೊಳಗೆ ಕರಗಿರುವುದರಿಂದಲೇ ಹೊರಗಿನ ಕುರುಹುಗಳನ್ನು ತೆಗೆದುಹಾಕಿದ್ದಾಗಿ ಅವರ ವಿವರಣೆ. ಕುರುಹುಗಳು ಪೂರ್ತಿ ಮಾಯವಾಗಿಲ್ಲ. ಉಂಗುರ ನಾಶವಾಗುವುದು ಮಾರ್ಚ್ 25ರಂದು. ಅದು ಮಂಗಳವಾರ್ತೆಯ ಹಬ್ಬದ ದಿನ, ಹಳೆಯ ಸಂಪ್ರದಾಯದಂತೆ ಕ್ರಿಸ್ತರು ಶಿಲುಬೆಯಲ್ಲಿ ಮಡಿದ ದಿನವೂ ಹೌದು. ಪಯಣಿಗರನ್ನು ಪೋಷಿಸುವ ಎಲ್ವ್‌ಗಳ ರೊಟ್ಟಿಯಲ್ಲಿ ಓದುಗರು ಪರಮಪ್ರಸಾದವನ್ನು ಕಂಡಾಗ ಅವರು ಅಲ್ಲಗಳೆಯಲಿಲ್ಲ.

ಆದರೆ ಧರ್ಮಶಿಕ್ಷಣದ ಶಿಕ್ಷಕರು ಇಲ್ಲಿ ಎಚ್ಚರ ವಹಿಸುವುದು ಒಳ್ಳೆಯದು. ಈ ಪಾತ್ರವೆಂದರೆ ಯೇಸು, ಆ ಪಾತ್ರವೆಂದರೆ ಮರಿಯ ಎಂದು ಪಟ್ಟಿ ಮಾಡುವ ಓದು ಟೋಲ್ಕೀನ್ ಅವರಿಗೆ ಹಿಡಿಸುತ್ತಿರಲಿಲ್ಲ. ಕಥೆಯ ಹೃದಯವಿರುವುದು ಬೇರೆಡೆ, ಕೊನೆಯ ಘಟ್ಟದಲ್ಲಿ. ಸಾವಿರ ಕಷ್ಟಪಟ್ಟು ಬೆಂಕಿಬೆಟ್ಟದ ಅಂಚಿಗೆ ತಲುಪಿದ ಫ್ರೋಡೋ ಅಲ್ಲಿ ಸೋಲುತ್ತಾನೆ. ಉಂಗುರವನ್ನು ಎಸೆಯಲಾರದೆ ತನ್ನದೆಂದು ಬೆರಳಿಗೆ ಹಾಕಿಕೊಳ್ಳುತ್ತಾನೆ. ಲೋಕ ಉಳಿಯುವುದು ಗಾಲಮ್ ಎಂಬ ನೀಚ ಜೀವಿ ಅದನ್ನು ಕಚ್ಚಿ ಕಿತ್ತುಕೊಂಡು ಬೆಂಕಿಗೆ ಬೀಳುವುದರಿಂದ. ಆ ಗಾಲಮ್ ಅಷ್ಟು ಕಾಲ ಬದುಕಿದ್ದದ್ದು ಬಿಲ್ಬೋ, ಫ್ರೋಡೋ, ಕೊನೆಗೆ ಸ್ಯಾಮ್ ಕೂಡ ಅವನನ್ನು ಕೊಲ್ಲಬಹುದಾಗಿದ್ದಾಗ ಕರುಣೆಯಿಂದ ಬಿಟ್ಟುಬಿಟ್ಟಿದ್ದರಿಂದ. ನಾಯಕ ಸೋತನಲ್ಲ ಎಂದು ಕೇಳಿದ ಓದುಗರಿಗೆ ಟೋಲ್ಕೀನ್ ಪ್ರಭು ಕಲಿಸಿದ ಪ್ರಾರ್ಥನೆಯ ಕೊನೆಯ ಬೇಡಿಕೆಗಳನ್ನು ನೆನಪಿಸಿದರು. ಮನುಷ್ಯ ಬಲದಿಂದ ಆಗದ್ದು ಕೃಪೆಯಿಂದ ಆಯಿತು ಎಂಬುದು ಅವರ ಭಾವ.

1965ರಲ್ಲಿ ಅಮೆರಿಕದಲ್ಲಿ ಅನುಮತಿಯಿಲ್ಲದ ಅಗ್ಗದ ಮುದ್ರಣವೊಂದು ಹೊರಬಂದು, ಅದರ ಗದ್ದಲದಿಂದಲೇ ಪುಸ್ತಕ ಕಾಲೇಜು ಯುವಕರ ನಡುವೆ ಹಬ್ಬಿತು. ಅಭಿಮಾನಿಗಳು ಹೊತ್ತುಗೊತ್ತಿಲ್ಲದೆ ಫೋನ್ ಮಾಡತೊಡಗಿದಾಗ ವೃದ್ಧ ಪ್ರಾಧ್ಯಾಪಕರು ತಮ್ಮ ಸಂಖ್ಯೆಯನ್ನು ಡೈರೆಕ್ಟರಿಯಿಂದ ತೆಗೆಸಬೇಕಾಯಿತು. 1966ರಲ್ಲಿ ಪ್ರಕಟವಾದ ಇಂಗ್ಲಿಷ್ ಜೆರುಸಲೇಮ್ ಬೈಬಲಿನಲ್ಲಿ ಯೋನನ ಗ್ರಂಥದ ಅನುವಾದದಲ್ಲಿ ಅವರ ಕೈಯಿದೆ. ದ್ವಿತೀಯ ವ್ಯಾಟಿಕನ್ ಮಹಾಸಭೆಯ ಬಳಿಕ ಪೂಜೆ ಇಂಗ್ಲಿಷಿಗೆ ಬಂದಾಗ ಮಾತ್ರ ಅವರು ಒಗ್ಗಲಿಲ್ಲ. ಎಲ್ಲರೂ ಇಂಗ್ಲಿಷಿನಲ್ಲಿ ಉತ್ತರಿಸುವಾಗ ತಾತ ಗಟ್ಟಿಯಾಗಿ ಲ್ಯಾಟಿನಿನಲ್ಲಿ ಉತ್ತರಿಸುತ್ತಿದ್ದುದನ್ನು ಮೊಮ್ಮಗ ನೆನಪಿಸಿಕೊಂಡಿದ್ದಾರೆ. ಚರ್ಚಿಗೆ ಹೋಗುವುದನ್ನಂತೂ ಬಿಡಲಿಲ್ಲ.

ಎಡಿತ್ 1971ರ ನವೆಂಬರ್ 29ರಂದು ತೀರಿಕೊಂಡರು. ಟೋಲ್ಕೀನ್ 1973ರ ಸೆಪ್ಟೆಂಬರ್ 2ರಂದು, 81ನೇ ವಯಸ್ಸಿನಲ್ಲಿ. ಆಕ್ಸ್‌ಫರ್ಡಿನ ಸಂತ ಅಂತೋನಿಯವರ ಚರ್ಚಿನಲ್ಲಿ ಮೃತರ ಬಲಿಪೂಜೆ ಅರ್ಪಿಸಿದವರು ಮಗ ಫಾದರ್ ಜಾನ್. ವುಲ್ವರ್‌ಕೋಟ್ ಸ್ಮಶಾನದಲ್ಲಿ ದಂಪತಿಗಳು ಒಂದೇ ಸಮಾಧಿಯಲ್ಲಿದ್ದಾರೆ. ಕಲ್ಲಿನ ಮೇಲೆ ಎಡಿತ್ ಹೆಸರಿನ ಕೆಳಗೆ ಲೂಥಿಯೆನ್ ಎಂದೂ, ಅವರ ಹೆಸರಿನ ಕೆಳಗೆ ಬೆರೆನ್ ಎಂದೂ ಕೆತ್ತಲಾಗಿದೆ.

ಯೌವನದಲ್ಲಿ ಆಸ್ಪತ್ರೆಯ ಹಾಸಿಗೆಯಲ್ಲಿ ಆರಂಭಿಸಿದ್ದ 'ಸಿಲ್ಮರಿಲಿಯನ್' ಆಗಲೂ ಮುಗಿದಿರಲಿಲ್ಲ. ರಾಶಿರಾಶಿ ಕಾಗದಗಳನ್ನು ಜೋಡಿಸಿ 1977ರಲ್ಲಿ ಅದನ್ನು ಪ್ರಕಟಿಸಿದವರು ಮಗ ಕ್ರಿಸ್ಟೋಫರ್. ಉಳಿದ ಕರಡುಗಳನ್ನು 1983ರಿಂದ 1996ರ ವರೆಗೆ 12 ಸಂಪುಟಗಳಲ್ಲಿ ತಂದರು. ಅವರು 2020ರ ಜನವರಿಯಲ್ಲಿ ನಿಧನರಾದರು. ಹೊಸದಾಗಿ ಓದುವವರು ಈ ಸಂಪುಟಗಳಿಂದ ಆರಂಭಿಸುವುದು ಬೇಡ. ಮಕ್ಕಳಿಗೆ 'ದಿ ಹಾಬಿಟ್' ಕೊಡಿ. ಧರ್ಮಕೇಂದ್ರದ ಕೆಲಸದಲ್ಲಿ ಅದೂ ಆಗಲಿಲ್ಲ ಇದೂ ಮುಗಿಯಲಿಲ್ಲ ಎಂದು ಕೊರಗುವ ಹಿರಿಯರಿಗೆ, ಒಂದು ಗಂಟೆಯಲ್ಲಿ ಓದಿ ಮುಗಿಸಬಹುದಾದ 'ಲೀಫ್ ಬೈ ನಿಗಲ್' ಸಾಕು. 1945ರಲ್ಲಿ 'ಡಬ್ಲಿನ್ ರಿವ್ಯೂ' ಎಂಬ ಕಥೊಲಿಕ ಪತ್ರಿಕೆಯಲ್ಲಿ ಬಂದ ಕಥೆಯದು. ನೆರೆಯವರ ಕೆಲಸಕ್ಕೆಲ್ಲ ಓಡಾಡಿ, ತಾನು ಬಿಡಿಸುತ್ತಿದ್ದ ಮರದ ಚಿತ್ರವನ್ನು ಮುಗಿಸಲಾಗದೆ ದೂರದ ಪ್ರಯಾಣಕ್ಕೆ ಹೊರಡಬೇಕಾದ ಒಬ್ಬ ಚಿತ್ರಗಾರ, ಕೊನೆಗೆ ಆ ಮರವನ್ನು ಎಲ್ಲಿ ಕಾಣುತ್ತಾನೆ ಎಂಬುದನ್ನು ಓದಿಯೇ ತಿಳಿಯಬೇಕು.